ಅಂಬಾಬಾಯಿಯ ಹೌದ್ರಿ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನು. ಆ ಕಾರ್ಡಿನ ಮೇಲೆ ‘ಎರಡೂ ಪಾದ ಸರಿ’ ಎಂದು ಬರೆದದ್ದು ನನ್ನ ಕೈ. ಆವತ್ತು ಹಸಿವಾಗಿತ್ತು, ಡಬ್ಬಿಯಲ್ಲಿ ಝುಣಕ ಆರುತ್ತಿತ್ತು, ಹಿಂದೆ ಸಾಲು ಉದ್ದವಿತ್ತು. ಎಲ್ಲ ನೆಪ. ಐವತ್ತೆಂಟು ವರ್ಷದ ಮನುಷ್ಯ ಝುಣಕದ ಹಿಂದೆ ಅಡಗಿ ಕೂರಬಾರದು.

ನನ್ನ ಹೆಸರು ಶಿವಪುತ್ರಪ್ಪ. ಇಂಡಿ ತಾಲ್ಲೂಕಿನವನು, ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಸ್ಟೋರಿನಲ್ಲಿ ಕ್ಲಾರ್ಕು. ಮೂವತ್ತೊಂದು ವರ್ಷದಿಂದ ಗಾಜಿನ ಸೀಸೆ, ಸ್ಪಿರಿಟ್ಟು, ರಬ್ಬರ್ ಗ್ಲೌಸು ಕೊಡುತ್ತಾ ಕೂತಿದ್ದೇನೆ. ಇವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಸಹಿ ಹಾಕದೆ ಗ್ಲೌಸಿನ ಡಬ್ಬಿ ಎತ್ತಿಕೊಂಡು ಹೋಗುವವರನ್ನು ಕಂಡರೆ ಸಿಟ್ಟು ಬಾರದೆ ಇನ್ನೇನು ಬಂದೀತು? ಆದರೆ ನಾನು ಹೇಳಹೊರಟದ್ದು ನನ್ನ ಕಥೆಯಲ್ಲ, ಅಂಬಾಬಾಯಿಯದು.

ಅಂಬಾಬಾಯಿ ಶಹಾಪುರದ ಕಡೆಯ ಹಳ್ಳಿಯವಳು. ಗಂಡ ಹುಸೇನಪ್ಪನ ಜೊತೆ ಪುಣೆಗೆ ಬಂದು ಕೊಂಢವಾ ಬಡಾವಣೆಯ ಕಟ್ಟಡಗಳಲ್ಲಿ ಹದಿನಾಲ್ಕು ವರ್ಷ ಬುಟ್ಟಿ ಹೊತ್ತವಳು. ನಮ್ಮ ಸಂಸ್ಥೆಯ ಹೊಸ ಕಟ್ಟಡ ಏಳುವಾಗ ಅದಕ್ಕೂ ಇಟ್ಟಿಗೆ ಹೊತ್ತಳು. ಕೆಲಸ ಮುಗಿದು ಅವಳ ಗುಂಪಿನವರೆಲ್ಲ ಚಾಕಣದ ಯಾವುದೋ ಕಾರ್ಖಾನೆಯ ಶೆಡ್ಡು ಕಟ್ಟಲು ಹೊರಟರು. ಇವಳು ಮಾತ್ರ ಬಂದು ಸ್ಟೋರಿನ ಬಾಗಿಲಲ್ಲಿ ನಿಂತಳು. ನಾನು ಕನ್ನಡದವನೆಂದು ಯಾರೋ ಹೇಳಿದ್ದರಂತೆ.

“ಸಾಹೇಬ್ರ, ಒಳಗ ಏನರ ಕೆಲಸ ಅದೇನ್ರಿ? ಕಟ್ಟಿದ ಮ್ಯಾಲ ಒಮ್ಮಿನೂ ಒಳಗ ನೋಡಿಲ್ರಿ.”

ಸ್ಟೋರಿನ ಪಕ್ಕದ ಕೋಣೆಯಲ್ಲಿ ಅಡುಗೆಗೆ ಒಬ್ಬರು ಬೇಕಾಗಿದ್ದರು. ಗುತ್ತಿಗೆ ಕೆಲಸಗಾರರ ಸೂಪರ್‌ವೈಸರ್ ಅಪ್ಪಾಸಾಹೇಬನಿಗೆ ಹೇಳಿ ಅವಳ ಹೆಸರು ಸೇರಿಸಿದೆ. ಅದಾಗಿ ಎಂಟು ವರ್ಷವಾಯಿತು.

ಅಡುಗೆ ಮನುಷ್ಯರಿಗಲ್ಲ, ನೊಣಗಳಿಗೆ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಎಳ್ಳುಕಾಳಿನಷ್ಟು ನೊಣಗಳಿವೆಯಲ್ಲ, ಅವನ್ನು ನಮ್ಮಲ್ಲಿ ಬೆರಳುದ್ದದ ಗಾಜಿನ ಸೀಸೆಗಳಲ್ಲಿ ಸಾವಿರಗಟ್ಟಲೆ ಸಾಕುತ್ತಾರೆ. ಗೊಂಜಾಳದ, ಅಂದರೆ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟು, ಜೊತೆಗೆ ಅಗರ್ ಎನ್ನುವ ಒಂದು ಪುಡಿ ಹಾಕಿ ಕುದಿಸಿ ಸೀಸೆಯ ತಳಕ್ಕೆ ಸುರಿದರೆ ಆರಿದ ಮೇಲೆ ಗಟ್ಟಿಯಾಗುತ್ತದೆ. ನೊಣ ಅದನ್ನೇ ತಿಂದು ಅದರ ಮೇಲೆಯೇ ಮೊಟ್ಟೆ ಇಡುತ್ತದೆ.

“ನೊಣಕ್ಕ ಹುಗ್ಗಿ?” ಎಂದು ಮೊದಲ ದಿನ ನಕ್ಕವಳು ನಗು ತಡೆಯಲಾರದೆ ನೆಲಕ್ಕೇ ಕೂತಳು. “ಯವ್ವಾ, ಇದನ್ನ ಊರಾಗ ಹೇಳಿದ್ರ ಅಂಬವ್ವಗ ಹುಚ್ಚು ಹಿಡದದ ಅಂತಾರ್ರಿ.”

ನಕ್ಕಳು, ಆದರೆ ವಾರದೊಳಗೆ ಅವಳ ಹುಗ್ಗಿಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಅವಳ ಒಂದೇ ದೋಷವೆಂದರೆ ಏನು ಕೇಳಿದರೂ ‘ಹೌದ್ರಿ’. ಹಿಟ್ಟು ಇನ್ನೂ ಇದೆಯೇನವ್ವಾ? ಹೌದ್ರಿ. ಮುಗಿಯಿತೇನವ್ವಾ? ಹೌದ್ರಿ. ದೊಡ್ಡವರು ಎಂದು ಅವಳು ಲೆಕ್ಕಕ್ಕೆ ಹಿಡಿದ ಯಾರಿಗೂ ಅವಳ ಬಾಯಿಂದ ‘ಇಲ್ಲ’ ಬರುತ್ತಿರಲಿಲ್ಲ. ದಿನಾ ಹನ್ನೊಂದಕ್ಕೆ ನಾನು ಫ್ಲಾಸ್ಕಿನಿಂದ ಚಹಾ ಸುರಿಯುವಾಗ ಕೇಳುತ್ತಿದ್ದೆ, “ಕುಡೀತಿಯೇನವ್ವಾ?” ಅವಳು “ಹೌದ್ರಿ” ಎಂದು ಲೋಟ ಹಿಡಿಯುತ್ತಿದ್ದಳು. ನನ್ನ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ. ಇಂಡಿಯ ರೂಢಿ.

ಆಮೇಲೆ ನೀತಾ ಬಂದಳು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇರುವವರ ಮಗಳು. ಅಜ್ಜನ ಕಾಲದಿಂದ ಪುಣೆ, ಮನೆಯಲ್ಲಿ ಮಾತ್ರ ನಮ್ಮ ಕನ್ನಡ. ಪಿಎಚ್‌ಡಿ ಮಾಡುವವಳು. ಅವಳ ಪ್ರಶ್ನೆ ಒಂದೇ: ಮುಟ್ಟಿದರೆ ನೊಣಕ್ಕೆ ಗೊತ್ತಾಗುವುದು ಹೇಗೆ? ಅಪ್ಪ ಅಂಗಡಿಗೆ ಬಂದವರ ಮುಂದೆ ಮಗಳ ಓದನ್ನು ವಿವರಿಸಲಾರದೆ ‘ಡಾಕ್ಟರ್ ಆಗ್ತಾಳ್ರಿ’ ಎಂದು ಮುಗಿಸುತ್ತಾರಂತೆ.

ಅವಳ ಸೀಸೆಗಳಲ್ಲಿ ಒಂದು ಜಾತಿಯ ನೊಣ ಕುಡಿದವರ ಹಾಗೆ ತೂರಾಡುತ್ತಿತ್ತು. ಹತ್ತಲು ಹೋಗಿ ಬೀಳುವುದು, ಬಿದ್ದದ್ದು ಹುಗ್ಗಿಗೆ ಅಂಟಿ ಸಾಯುವುದು. ನೀತಾ ತಲೆಯ ಮೇಲೆ ಕೈ ಹೊತ್ತು ಕೂತಳು. ಅವಳ ಮೂರು ವರ್ಷದ ಕೆಲಸ ಆ ನೊಣಗಳ ಮೇಲೇ ನಿಂತಿತ್ತು. ಅಂಬಾಬಾಯಿ ಯಾರನ್ನೂ ಕೇಳದೆ ಆ ಸೀಸೆಗಳ ಹುಗ್ಗಿಗೆ ಒಂದು ಚಿಟಿಕೆ ಅಗರ್ ಹೆಚ್ಚು ಹಾಕಿ ಗಟ್ಟಿ ಮಾಡಿದಳು, ಒಂದೊಂದರಲ್ಲಿ ಕಾಗದದ ಚೂರು ಚುಚ್ಚಿದಳು, ಸೀಸೆಯನ್ನು ಅಡ್ಡ ಮಲಗಿಸಿಟ್ಟಳು. ಬೀಳುವವಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ! ನೊಣ ಬದುಕಿದವು. ಅಂದಿನಿಂದ ನೀತಾಗೆ ಅವಳು ‘ಮಾವಶಿ’, ಮರಾಠಿಯ ಚಿಕ್ಕಮ್ಮ.

“ಇವಕ್ಕೇನಾಗ್ಯಾದ ನೀತವ್ವಾ?” ಎಂದು ಒಂದು ದಿನ ಅಂಬಾಬಾಯಿ ಕೇಳಿದಳು.

“ಮಾವಶಿ, ಚರ್ಮದ ಕೆಳಗ ನರ ಇರ್ತದಲ್ಲ, ಆ ನರದ ಗ್ವಾಡಿಯೊಳಗ ಭಾಳ ಸಣ್ಣ ಬಾಗಿಲಾ ಇರ್ತಾವ. ಬಾಗಿಲಕ್ಕ ಒಳಗಿನಿಂದ ಸ್ಪ್ರಿಂಗ್ ಕಟ್ಟ್ಯಾದ. ಹೊರಗ ಏನರ ತಾಗಿದ್ರ ಸ್ಪ್ರಿಂಗ್ ಅಲ್ಲಾಡಿ ಬಾಗಿಲಾ ತೆರೀತದ. ತೆರದ ಕೂಡ್ಲೆ ಉಪ್ಪಿನ ಕಣ ಒಳಗ ನುಗ್ತಾವ. ಅದ ಕರೆಂಟ್ ಆಗಿ ಮಿದುಳಿಗೆ ಹೋಗಿ ‘ಮುಟ್ಟಿದ್ರು’ ಅಂತ ಹೇಳ್ತದ.”

“ಆಡಿನ ದೊಡ್ಡಿ ಗೇಟಿಗೆ ಹಗ್ಗ ಕಟ್ಟಿದಂಗ ಅನ್ನವ್ವಾ. ಜಗ್ಗಿದ್ರ ತೆರೀತದ.”

“ಹಾಂ, ಹಂಗ. ಇವಕ್ಕ ಆ ಬಾಗಿಲಾನ ಇಲ್ಲ. ಅದಕ್ಕ ಕಾಲು ಎಲ್ಲದ ಅಂತ ಗೊತ್ತಾಗಂಗಿಲ್ಲ, ಬೀಳ್ತಾವ. ಗಂಡು ನೊಣ ರೆಕ್ಕಿ ಬಡದು ಹಾಡ್ತದ, ಅದೂ ಇವಕ್ಕ ಕೇಳ್ಸಂಗಿಲ್ಲ. ಕೇಳೋದೂ ಅಂಥಾ ಬಾಗಿಲದಿಂದನ.”

ನನಗೆ ಬೇರೆಯಾಗಿ ವಿವರಿಸಿದಳು. ಅದಕ್ಕೆ ಅಯಾನ್ ಚಾನೆಲ್ ಎನ್ನುತ್ತಾರಂತೆ. ಅವಳ ನೊಣದ ಆ ಒಂದೊಂದು ಬಾಗಿಲಿಗೆ ನಾಲ್ಕು ಸ್ಪ್ರಿಂಗು, ಒಂದೊಂದು ಸ್ಪ್ರಿಂಗಿಗೆ ಇಪ್ಪತ್ತೊಂಬತ್ತು ಕೊಂಡಿ. ಕಣ್ಣಿಗೆ ಕಾಣದ್ದರಲ್ಲಿ ಇಪ್ಪತ್ತೊಂಬತ್ತು ಎಣಿಸಿದವರು ಯಾರೋ ಪುಣ್ಯಾತ್ಮರು, ಅವರನ್ನು ತಂದು ನಮ್ಮ ಸ್ಟೋರಿಗೆ ಹಾಕಬೇಕಿತ್ತು.

ಪರೀಕ್ಷೆಗೆ ನನ್ನನ್ನೂ ಎಳೆದಳು. “ನಿಮಗ ಏನೂ ಗೊತ್ತಿಲ್ಲ ಕಾಕಾ, ಅದಕ್ಕ ನೀವ ಬೇಕು,” ಎಂದಳು. ಕೇಳಿ, ಎಂಥ ಗೌರವ! ನೊಣದ ಮರಿಹುಳ ಅಕ್ಕಿಯ ಅರ್ಧ ಕಾಳಿನಷ್ಟು. ಅದು ತೆವಳುವಾಗ ತಲೆಯ ಬಳಿ ಕಣ್ರೆಪ್ಪೆಯ ಒಂದು ಕೂದಲಿನಿಂದ ಮೆಲ್ಲಗೆ ಮುಟ್ಟುವುದು. ತಡೆದು ನಿಂತರೆ ಒಂದು ಅಂಕ, ತಲೆ ಹಿಂದಕ್ಕೆ ಎಳೆದುಕೊಂಡರೆ ಎರಡು, ಹಿಂದೆ ಹಿಂದೆ ತೆವಳಿದರೆ ಇನ್ನೂ ಹೆಚ್ಚು, ಏನೂ ಆಗದಿದ್ದರೆ ಸೊನ್ನೆ. ಯಾವ ಜಾತಿಯ ಹುಳವೆಂದು ನನಗೆ ಹೇಳುತ್ತಿರಲಿಲ್ಲ, ಕಂಡದ್ದನ್ನು ಬರೆಯಬೇಕು ಅಷ್ಟೆ. ಕೆಲವು ಸಲ ಕೂದಲನ್ನು ಹತ್ತಿರ ತಂದು ಮುಟ್ಟದೆ ಬಿಡುತ್ತಿದ್ದಳು. ಆಗಲೂ ನಾನು ಬರೆಯಬೇಕು. ಯಾಕವ್ವಾ ಎಂದರೆ, “ಮುಟ್ಟದೆ ಇದ್ದಾಗ ಏನಾಗ್ತದ ಗೊತ್ತಿಲ್ದ, ಮುಟ್ಟಿದಾಗ ಆಗಿದ್ದು ಖರೇನೋ ಸುಳ್ಳೋ ಹೆಂಗ ಹೇಳೋದು ಕಾಕಾ?”

ಆ ಕೂದಲು ಅಂಬಾಬಾಯಿಯದು. ನೀತಾಳ ಕೂದಲು ಮುರಿದಾಗ ಇವಳೇ ತನ್ನ ರೆಪ್ಪೆಯಿಂದ ಪಟ್ಟನೆ ಒಂದು ಕಿತ್ತುಕೊಟ್ಟಿದ್ದಳು. ಆಮೇಲೆ ಆರು ತಿಂಗಳು ಅದೇ ಮಾತು, ನನ್ನ ರೆಪ್ಪಿ ಮ್ಯಾಲ ಇವರ ಶಾಸ್ತ್ರ ನಡದದ ಎಂದು. ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಲು ಕರೆದೆವು. ಬಾಗಿಲಿಲ್ಲದ ಹುಳ. ಕೂದಲು ಮುಟ್ಟಿತು, ಹುಳ ತನ್ನ ಪಾಡಿಗೆ ಹೋಯಿತು. ಮತ್ತೆ ಮುಟ್ಟಿತು, ಮತ್ತೆ ಹೋಯಿತು. ಅಂಬಾಬಾಯಿ ಕಣ್ಣು ತೆಗೆಯದೆ ನೋಡಿ ಹೇಳಿದಳು, “ಪಾಪ, ಏನಾದ್ರೂ ಸುಮ್ಮ ಹೊಂಟದಲ್ರಿ. ಬಾಯಿ ಇದ್ದಿದ್ರ ಹೇಳತಿತ್ತು.”

ಇನ್ನು ಆ ಕಾರ್ಡಿನ ವಿಷಯ. ಗುತ್ತಿಗೆಯವರೆಲ್ಲ ವರ್ಷಕ್ಕೊಮ್ಮೆ ‘ಫಿಟ್’ ಕಾರ್ಡು ಮಾಡಿಸಬೇಕು, ಇಲ್ಲದಿದ್ದರೆ ಹೆಸರು ಮುಂದುವರಿಯುವುದಿಲ್ಲ. ಕಳೆದ ಜೂನಿನಲ್ಲಿ ನಮ್ಮ ಅಂಗಳದಲ್ಲೇ ತಪಾಸಣೆ ನಡೆಯಿತು. ಅಂಬಾಬಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಗೊತ್ತಾಯಿತು. ಮಾತ್ರೆ ಬರೆದುಕೊಟ್ಟರು. ಸಕ್ಕರೆ ಕಾಯಿಲೆಯವರ ಪಾದ ನೋಡಬೇಕಂತೆ, ಅದಕ್ಕೆ ಅಲ್ಲಿನ ಹುಡುಗ ಡಾಕ್ಟರ್ ಒಂದು ನೈಲಾನ್ ದಾರದ ತುದಿಯಿಂದ ಅವಳ ಅಂಗಾಲು ಮುಟ್ಟುತ್ತಾ ಮರಾಠಿಯಲ್ಲಿ “ಕಳತಂಯ ಕಾ?” ಎಂದ. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ “ಗೊತ್ತಾಗ್ತದೇನವ್ವಾ?” ಎಂದೆ. ಅವಳು ಕಣ್ಣು ಮುಚ್ಚಿಕೊಂಡು ಕೈ ಜೋಡಿಸಿ “ಹೌದ್ರಿ” ಎಂದಳು. ಹತ್ತು ಕಡೆ ಮುಟ್ಟಿದ, ಹತ್ತು ಸಲ ಹೌದ್ರಿ. ಕಾರ್ಡು ನೀವೇ ತುಂಬಿ ಕಾಕಾ ಎಂದು ಅವನು ಪೆನ್ನು ಕೊಟ್ಟ. ಒಂದೆರಡು ಹೌದ್ರಿ ನಾನು ಕೇಳಿ ಮುಗಿಸುವ ಮೊದಲೇ ಬಂದಿದ್ದವು. ನನಗದು ಕೇಳಿಸಿತ್ತು. ಆದರೂ ಬರೆದೆ, ಡಬ್ಬಿ ಬಿಚ್ಚಿದೆ.

ಆಗಸ್ಟಿನ ಒಂದು ಬೆಳಿಗ್ಗೆ ನೀತಾ ಕೂಗಿದ್ದು ಸ್ಟೋರಿನವರೆಗೂ ಕೇಳಿಸಿತು. ಓಡಿದೆ. ಅಂಬಾಬಾಯಿ ಜಗ್ಗಿನಿಂದ ಕುದಿಯುವ ಹುಗ್ಗಿಯನ್ನು ಸೀಸೆಗಳಿಗೆ ಸುರಿಯುತ್ತಿದ್ದಳು. ಅದರದೊಂದು ದೊಡ್ಡ ಮುದ್ದೆ ಅವಳ ಎಡಪಾದದ ಮೇಲೆ ಬಿದ್ದು ಹಬೆಯಾಡುತ್ತಿತ್ತು. ಅವಳು ಸುರಿಯುತ್ತಲೇ ಇದ್ದಳು.

“ಮಾವಶಿ! ಕಾಲು!”

“ಅಯ್ಯ, ಯಾವಾಗ ಬಿತ್ತೋ,” ಎಂದು ಅವಳು ಬಗ್ಗಿ ಬಟ್ಟೆಯಿಂದ ಒರೆಸಿದಳು. ಬಟ್ಟೆಯ ಜೊತೆ ಚರ್ಮವೂ ಬಂತು. ಅವಳ ಮುಖದಲ್ಲಿ ನೋವಿನ ಸುಳಿವೂ ಇರಲಿಲ್ಲ, ನೆಲ ಹೊಲಸಾಯಿತಲ್ಲ ಎಂಬ ನಾಚಿಕೆ ಮಾತ್ರ ಇತ್ತು.

ನೀತಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಸುರಿದಳು. ಚಪ್ಪಲಿ ತೆಗೆದರೆ ಕಿರುಬೆರಳಿನ ಬುಡದಲ್ಲಿ ಒಂದು ಗಾಜಿನ ಚೂರು. ಒಡೆದ ಸೀಸೆಯದು. ಎಷ್ಟು ದಿನದಿಂದ ಅಲ್ಲಿತ್ತೋ ದೇವರೇ ಬಲ್ಲ, ಸುತ್ತಲಿನ ಮಾಂಸ ಕಪ್ಪಾಗಿತ್ತು. ಆ ಚೂರಿನ ಮೇಲೆ ಕಾಲೂರಿಕೊಂಡು ದಿನಾ ಕೊಂಢವಾದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು ಮಹಾತಾಯಿ.

“ಕಾಕಾ, ಸ್ಟೋರಿನಾಗ ನೈಲಾನ್ ದಾರ ಅದಲ್ಲ, ಕೊಡ್ರಿ,” ಎಂದಳು ನೀತಾ. ಸಹಿ ಇಲ್ಲದೆಯೇ ಕೊಟ್ಟೆ. “ಈಗ ನೀವ ಬರೀರಿ. ಮಾವಶಿ, ಕಣ್ಣ ಮುಚ್ಚ್ರಿ. ಗೊತ್ತಾದ್ರ ಹೌದು ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ.”

ಹೆಬ್ಬೆರಳಿಗೆ ದಾರ ತಾಗಿಸಿದಳು. ಈಗ? ಹೌದ್ರಿ. ಆಮೇಲೆ ದಾರವನ್ನು ಪಾದದಿಂದ ಒಂದು ಗೇಣು ದೂರ ಹಿಡಿದಳು. ಈಗ? ಹೌದ್ರಿ. ಮೂರನೆಯ ಸಲ ದಾರವನ್ನು ಮೇಜಿನ ಮೇಲಿಟ್ಟು ಎರಡೂ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಈಗ, ಮಾವಶಿ?”

“ಹೌದ್ರಿ, ಚಲೋ ಗೊತ್ತಾತ್ರಿ.”

ನನ್ನ ಪೆನ್ನು ಮುಂದೆ ಹೋಗಲಿಲ್ಲ. ಅಂಬಾಬಾಯಿ ಕಣ್ಣು ತೆರೆದು ನಮ್ಮಿಬ್ಬರ ಮುಖ ನೋಡಿದಳು. “ಬರೋಬ್ಬರಿ ಹೇಳಿದ್ನಿಲ್ರಿ?” ಎಂದಳು. ನೀತಾ ಮುಖ ತಿರುಗಿಸಿಕೊಂಡಳು. ಹೇಳಲೇಬೇಕಿತ್ತು, ಹೇಳಿದೆವು.

ಅವಳಿಗೆ ಬಂದ ಸಿಟ್ಟು ನಾನು ಎಂಟು ವರ್ಷದಲ್ಲಿ ಕಂಡಿರಲಿಲ್ಲ. “ಹುಳದ ಪರೀಕ್ಷಾ ನನಗ ಮಾಡ್ತಿಯೇನ ನೀತವ್ವಾ? ನನ್ನ ರೆಪ್ಪಿ ಕೊಟ್ಟೀನಿ ನಿನಗ!” ಸಿಟ್ಟು ಅಲ್ಲಿಗೇ ನಿಂತು ಹೆದರಿಕೆಯಾಯಿತು. ನನ್ನ ಕಡೆ ತಿರುಗಿದಳು. “ಸಾಹೇಬ್ರ, ಕಾರ್ಡ್ ತಿದ್ದಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಕೊಂಢವಾದಾಗ ಕಲ್ಲವ್ವ ಅಂತ ಇದ್ಲ್ರಿ ನಮ್ಮ ಕೂಡ. ಟೊಂಕ ನೋಯ್ತದ ಅಂತ ಒಮ್ಮಿ ಅಂದ್ಲು. ಮರುದಿನ ಕೂಲಿ ಹಿಡಿಯೋ ಮುಕದ್ದಮ ಆಕಿ ಜಾಗಾದಾಗ ಬ್ಯಾರೆ ಹೆಂಗಸನ್ನ ನಿಲ್ಲಿಸಿದ. ಆಗ್ತದೇನ ಅಂದ್ರ ಹೌದ್ರಿ ಅನಬೇಕು. ಹಂಗ ಅಂದ ಇಲ್ಲಿತನ ಬಂದೀನ್ರಿ.”

ಅದುವರೆಗೆ ಅವಳ ಹೌದ್ರಿ ಮರ್ಯಾದೆ ಎಂದುಕೊಂಡಿದ್ದೆ. ನಾನು ನಗುತ್ತಿದ್ದೆ ಅದಕ್ಕೆ.

“ನನಗೂ ಬಾಗಿಲಾ ಇಲ್ಲೇನವ್ವಾ?” ಎಂದು ಅವಳು ಸಣ್ಣ ದನಿಯಲ್ಲಿ ನೀತಾಳನ್ನು ಕೇಳಿದಳು.

“ನಿಮ್ಮದು ಬ್ಯಾರೆ ಮಾವಶಿ. ಬಾಗಿಲಾ ಇದ್ವು, ಸಕ್ಕರಿಯಿಂದ ನರಾನ ಒಣಗ್ಯಾವ. ಬೆರಳಿನಿಂದ ಸುರುವಾಗಿ ಮ್ಯಾಲ ಬರ್ತದ. ಎಲ್ಲಿತನ ಬಂದದ ಅಂತ ನೀವ ಹೇಳಬೇಕು, ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ. ಹೇಳ್ಲಿಲ್ಲಂದ್ರ ಕಾಲು ಹೋಗ್ತದ ಮಾವಶಿ.”

ಅಂಬಾಬಾಯಿ ಸೀರೆಯ ಸೆರಗಿನಿಂದ ಪಾದ ಮುಚ್ಚಿಕೊಂಡು ಎದ್ದು, ಉಳಿದ ಸೀಸೆ ತುಂಬಿಯೇ ಮನೆಗೆ ಹೋದಳು. ಆಸ್ಪತ್ರೆ ಬೇಡ ಎಂದು ಹೇಳಲಿಲ್ಲ. ಹೋಗ್ತಿಯೇನವ್ವಾ ಎಂದದ್ದಕ್ಕೆ ಹೌದ್ರಿ ಎಂದಳು, ಹೋಗಲಿಲ್ಲ ಅಷ್ಟೆ.

ಆವತ್ತು ಮಧ್ಯಾಹ್ನ ನಾನು ಕಾರ್ಡು ತೆಗೆದು ನನ್ನ ಬರಹ ಹೊಡೆದುಹಾಕಿ ‘ಪರೀಕ್ಷೆ ಸರಿಯಾಗಿ ಆಗಿಲ್ಲ, ತಪ್ಪು ಬರೆದವನು ನಾನು’ ಎಂದು ಸಹಿ ಹಾಕಿ ಅಪ್ಪಾಸಾಹೇಬನ ಮುಂದೆ ಇಟ್ಟೆ. ಅವನು ಕೂಗಾಡಿದ. ನಾನು ಅವನಿಗಿಂತ ಜೋರಾಗಿ ಕೂಗಾಡಿದೆ, ಅದರಲ್ಲಿ ನನಗೆ ಮೂವತ್ತೊಂದು ವರ್ಷದ ಅನುಭವವಿದೆ. ಕೊನೆಗೆ ಅವನು ಹೇಳಿದ್ದು ಇಷ್ಟು: ಆಸ್ಪತ್ರೆಯಿಂದ ಫಿಟ್ ಎಂದು ಬರೆಸಿಕೊಂಡು ಬಂದರೆ ನೋಡೋಣ, ಅಲ್ಲಿಯವರೆಗೆ ಹೆಸರಿಲ್ಲ. ಮರುದಿನ ಬೆಳಿಗ್ಗೆ ಕೊಂಢವಾಕ್ಕೆ ಹೋಗಿ ಅವಳಿಗೆ ಅದನ್ನು ಹೇಳಿದೆ.

“ನನ್ನ ಅನ್ನ ಕಳದ್ರಿ ಸಾಹೇಬ್ರ,” ಎಂದಳು. ಹುಸೇನಪ್ಪ ಒಂದು ಕಟ್ಟಡದಲ್ಲಿ ವಾಚ್‌ಮನ್. ಹೆಂಡತಿಯ ಪಾದ ಎತ್ತಿ ಗಾಯ ನೋಡಿದವನು ನೇರ ಹೋಗಿ ರಿಕ್ಷಾ ಕರೆದುಕೊಂಡು ಬಂದ.

ಆಸ್ಪತ್ರೆಯಲ್ಲಿ ಡಾಕ್ಟರ್ ಏಕನಾಥ ಎನ್ನುವವರು, ವಯಸ್ಸಾದವರು. ಗಾಯ ನೋಡಿ, ಹಿಂದಿನ ಕಾರ್ಡು ನೋಡಿ, ನನ್ನ ಮುಖ ನೋಡಿದರು. ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಪಾದದಲ್ಲಿ ಸ್ಪರ್ಶವಿದ್ದರೆ ಗಾಯ ತೊಳೆದು ಔಷಧಿ ಕೊಟ್ಟು ಕಳಿಸುತ್ತೇನೆ, ಇಲ್ಲವಾದರೆ ಈಗಲೇ ದಾಖಲಾಗಬೇಕು, ತಿಂಗಳುಗಟ್ಟಲೆ ಕಾಲು ನೆಲಕ್ಕೆ ಊರಬಾರದು. ಇಪ್ಪತ್ತೆರಡು ವರ್ಷ ಪುಣೆಯಲ್ಲಿ ದುಡಿದವಳಿಗೆ ಮರಾಠಿ ಚೆನ್ನಾಗಿ ಗೊತ್ತು. ಹೌದು ಎಂದರೆ ಮನೆ, ನಾಳೆ ಫಿಟ್ ಚೀಟಿ ಹಿಡಿದು ಕೆಲಸ ಕೇಳಬಹುದು. ಇಲ್ಲ ಎಂದರೆ ಈ ಮಂಚ.

ಅವಳು ಕಣ್ಣು ಮುಚ್ಚಿ ಕೈ ಜೋಡಿಸಿದಳು, ಜೂನಿನಲ್ಲಿ ಮಾಡಿದ ಹಾಗೆಯೇ. ಡಾಕ್ಟರ್ ಹೆಬ್ಬೆರಳಿಗೆ ದಾರ ಒತ್ತಿದರು. ಅದು ಬಾಗಿತು.

“ಗೊತ್ತಾಗ್ತದೇನವ್ವಾ?” ಎಂದೆ. “ನಾ ಸಿಟ್ಟಾಗಂಗಿಲ್ಲ.”

ಅವಳ ತುಟಿ ‘ಹೌ’ ಎನ್ನುವುದಕ್ಕೆ ತೆರೆದಿತ್ತು, ನಾನೇ ನೋಡಿದೆ. ಹುಸೇನಪ್ಪ ಅವಳ ಹೆಗಲ ಮೇಲೆ ಕೈ ಇಟ್ಟ.

“ಇಲ್ರಿ.”

ನಡುಬೆರಳು. ಇಲ್ರಿ. ಅಂಗಾಲು. ಇಲ್ರಿ. ಹಿಮ್ಮಡಿ, ಇಲ್ರಿ. ಬಲಪಾದ, ಅಲ್ಲಿಯೂ ಇಲ್ಲ. ಡಾಕ್ಟರ್ ಒಂದು ಕಡೆ ಇನ್ನೊಮ್ಮೆ ಕೇಳಿದ್ದಕ್ಕೆ “ಇಲ್ಲ ಅಂದ್ನಲ್ರಿ!” ಎಂದು ಗದರಿಯೇ ಬಿಟ್ಟಳು. ಪಕ್ಕದ ಮಂಚದವರು ತಿರುಗಿ ನೋಡಿದರು. ಕಣ್ಣೀರು ಇಳಿಯುತ್ತಿತ್ತು, ಕಣ್ಣು ಮಾತ್ರ ತೆರೆಯಲಿಲ್ಲ. ದಾರ ಕಾಲಿನ ಹರಡಿನಿಂದ ನಾಲ್ಕು ಬೆರಳು ಮೇಲೆ ಬಂದಾಗ ನಾನು ಕೇಳುವ ಮೊದಲೇ ಹೇಳಿದಳು, “ಇಲ್ಲಿ ಗೊತ್ತಾತ್ರಿ. ಇಲ್ಲಿ ಹೌದ್ರಿ.”

ದಾಖಲು ಮಾಡಿಕೊಂಡರು. ಹೊರಡುವಾಗ ಮಂಚದ ಬಳಿ ಹೋದೆ. ಅವಳೇ ಹೇಳಿದಳು, “ಆ ಹುಳಕ್ಕ ಬಾಯಿ ಇರಲಿಲ್ರಿ ಸಾಹೇಬ್ರ. ನನಗದಲ್ರಿ.”

ಕಿರುಬೆರಳು ಹೋಯಿತು, ಕಾಲು ಉಳಿಯಿತು. ಅಡುಗೆ ಕೋಣೆಗೆ ಅಪ್ಪಾಸಾಹೇಬ ಬೇರೆ ಒಬ್ಬನನ್ನು ಕಳಿಸಿದ್ದ. ಅವನು ಎಲ್ಲ ಸೀಸೆಯನ್ನೂ ನೆಟ್ಟಗೆ ನಿಲ್ಲಿಸಿ ಸಾಲಾಗಿ ಜೋಡಿಸಿಟ್ಟ, ಚೆನ್ನಾಗಿ ಕಾಣುತ್ತದೆಂದು. ಮೂರು ವಾರದಲ್ಲಿ ನೀತಾಳ ತೂರಾಡುವ ನೊಣ ಅರ್ಧಕ್ಕರ್ಧ ಸತ್ತವು. ಅಂಬಾಬಾಯಿಯೇ ಬೇಕೆಂದು ನೀತಾ ಮತ್ತು ಅವಳ ಗುರುಗಳು ಬರೆದ ಪತ್ರವನ್ನು ನಾನೇ ಕೈಯಲ್ಲಿ ಹಿಡಿದು ಮೇಲಿನವರಿಗೆ ಮುಟ್ಟಿಸಿದೆ. ನಾಲ್ಕು ಸಲ ಹೋದೆ. ಡಿಸೆಂಬರಿನಲ್ಲಿ ಅಂಬಾಬಾಯಿ ಮುಚ್ಚಿದ ಬೂಟು ಹಾಕಿಕೊಂಡು ಬಂದಳು. ಕೂತು ಸುರಿಯಲು ಒಂದು ಎತ್ತರದ ಸ್ಟೂಲು ಕೊಟ್ಟೆ, ಸಹಿ ಹಾಕಿಸಿಕೊಂಡೇ.

ಮೊದಲ ದಿನ ಹನ್ನೊಂದಕ್ಕೆ ಖುಷಿಯಿಂದ ಫ್ಲಾಸ್ಕು ತೆರೆದೆ. “ಕುಡೀತಿಯೇನವ್ವಾ?”

“ಬ್ಯಾಡ್ರಿ.”

ಲೋಟ ಕೆಳಗಿಟ್ಟೆ. ಆಗ ಹೊಳೆಯಿತು. ಜೂನಿನಲ್ಲಿ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೂ ಆಗಸ್ಟಿನವರೆಗೆ ದಿನಾ ಆ ಸಿಹಿ ಚಹಾ ಕೊಟ್ಟವನ್ಯಾರು? ನಾನು. ದಿನಾ ಕೇಳುತ್ತಿದ್ದೆನಲ್ಲ ಎಂದುಕೊಂಡರೂ ಸಮಾಧಾನವಾಗಲಿಲ್ಲ.

“ಸಕ್ಕರಿ ಅಂತ ಬ್ಯಾಡೇನವ್ವಾ? ನಾಳಿಂದ ಬಿಟ್ಟು ತರ್ತೀನಿ.”

ಅಂಬಾಬಾಯಿ ಜಗ್ಗು ಕೆಳಗಿಟ್ಟು, ಸ್ವಲ್ಪ ನಾಚಿ, ನನ್ನ ಮುಖವನ್ನೇ ನೋಡುತ್ತಾ ಹೇಳಿದಳು, “ಅಲ್ರಿ ಸಾಹೇಬ್ರ. ಚಹಾನ ನನಗ ಸೇರಂಗಿಲ್ರಿ. ಮೊದಲಿಂದನೂ.”